ಬಾವಿಯ ಗೋಡೆಯಿಂದ ಬಂದ ಹೊಗೆ

ನಮ್ಮ ಹೊಲ ಬಬಲೇಶ್ವರದಿಂದ ತಿಕೋಟಾ ಕಡೆ ಹೋಗುವ ದಾರಿಯಲ್ಲಿದೆ. ಕಾಲುವೆಗೆ ನೀರು ಬಂದ ಮೇಲೆ ನಾವೂ ಎಲ್ಲರಂತೆ ಕಬ್ಬು ಹಚ್ಚಿದೆವು. ಕಬ್ಬನ್ನು ಕಾರ್ಖಾನೆಗೆ ಕಳಿಸುವ ಬದಲು ನಾವೇ ಗಾಣ ಹಾಕಿ ಬೆಲ್ಲ ಮಾಡೋಣ ಎಂದವನು ನನ್ನ ಮೈದುನ. ನಮ್ಮ ಯಜಮಾನರು ಒಪ್ಪಿದರು. ಒಲೆ ಎಲ್ಲಿ ಹೂಡಬೇಕು ಎಂಬ ಮಾತು ಬಂದಾಗ ಅಣ್ಣ ತಮ್ಮ ಇಬ್ಬರೂ ಬಾವಿಯ ಪೂರ್ವ ದಂಡೆಯನ್ನೇ ತೋರಿಸಿದರು. ಅಲ್ಲಿ ಒಂದು ಗೇಣು ಮಣ್ಣಿನ ಕೆಳಗೇ ಕರಿಬಂಡೆ. ಏನು ಬಿತ್ತಿದರೂ ಬರುತ್ತಿರಲಿಲ್ಲ. ಒಲೆಗೆ ಅಲ್ಲಿಯೇ ಜಾಗ ಮಾಡಿದರೆ ಒಳ್ಳೆಯ ಭೂಮಿ ಹಾಳಾಗುವುದಿಲ್ಲ, ಕೊಪ್ಪರಿಗೆ ತೊಳೆಯಲು ನೀರೂ ಹತ್ತಿರ. ಎಲ್ಲರಿಗೂ ಅದು ಜಾಣತನದ ಮಾತಾಗಿ ಕಂಡಿತು. ನನಗೂ ಹಾಗೆಯೇ ಅನ್ನಿಸಿತು.

ಬಂಡೆಯನ್ನು ಸೊಂಟದಾಳಕ್ಕೆ ಒಡೆದು ಒಲೆಯ ಗುಂಡಿ ಮಾಡಿದರು. ಅದರ ಮೇಲೆ ದೊಡ್ಡ ಕೊಪ್ಪರಿಗೆ ಕೂತಿತು. ಹಾಲು, ಅಂದರೆ ಕಬ್ಬಿನ ರಸ, ಹಿಂಡಿ ಒಣಗಿಸಿದ ಸಿಪ್ಪೆಯನ್ನೇ ಉರಿಗೆ ಹಾಕುವುದು. ಹಂಗಾಮು ಶುರುವಾದರೆ ಬೆಳಗ್ಗೆ ಹೊತ್ತಿದ ಒಲೆ ಸಂಜೆಯವರೆಗೆ ಧಗಧಗ ಉರಿಯುತ್ತಿತ್ತು. ಸಂಜೆ ಬಿಟ್ಟರೆ ಚಳಿಗಾಲದ ಗಾಳಿಗೆ ಬೆಳಗಾಗುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತಿತ್ತು. ಮತ್ತೆ ಉರಿ, ಮತ್ತೆ ತಣ್ಣಗೆ. ಒಲೆಗೂ ಬಾವಿಗೂ ನಡುವೆ ಒಂದು ಎತ್ತಿನ ಗಾಡಿ ಅಡ್ಡ ನಿಲ್ಲುವಷ್ಟು ಬಂಡೆ ಉಳಿದಿತ್ತು. ಅದು ಹುಟ್ಟಾ ಬಂಡೆ, ಯಾರೂ ಕಟ್ಟಿದ್ದಲ್ಲ. ಅದರ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ.

ಎರಡನೆಯ ಹಂಗಾಮಿನಲ್ಲಿ ನನಗೆ ಮೊದಲು ಗೊತ್ತಾದದ್ದು ಗೋಡೆಯ ಬಿಸಿ. ಬಾವಿಯ ಮೆಟ್ಟಿಲುಗಳು ಪೂರ್ವದ ಗೋಡೆಗೆ ಹತ್ತಿಕೊಂಡೇ ಇಳಿಯುತ್ತಿದ್ದವು. ಹಲ್ಲು ಕಟಕಟ ಅನ್ನುವ ಚಳಿಯಲ್ಲಿ ಕೊಡ ತುಂಬಲು ಇಳಿದಾಗ ಆಸರೆಗೆಂದು ಗೋಡೆಗೆ ಕೈ ಹಚ್ಚಿದೆ. ಆಗತಾನೆ ರೊಟ್ಟಿ ತೆಗೆದ ಹಂಚು ಆರುತ್ತಾ ಬಂದ ಹಾಗೆ ಹಿತವಾಗಿ ಬೆಚ್ಚಗಿತ್ತು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಆಮೇಲೆ ದಿನಾ ಅಲ್ಲಿ ಬೆನ್ನು ಹಚ್ಚಿ ನಿಲ್ಲತೊಡಗಿದಳು. ಆ ಭಾಗದ ಪಾಚಿಯೆಲ್ಲ ಒಣಗಿ ಉದುರಿತ್ತು. ನಾವು ನಕ್ಕು ಸುಮ್ಮನಾದೆವು.

ಆ ವರ್ಷದ ಕೊನೆಗೆ ಅಕಾಲದ ಮಳೆ ಬಂತು. ಒಲೆ ಪೂರ್ತಿ ಉರಿಯುವಾಗಲೇ ಮೋಡ ಕವಿದು, ತಗಡು ಮುಚ್ಚುವಷ್ಟರಲ್ಲಿ ನೀರು ಗುಂಡಿಗೆ ನುಗ್ಗಿತು. ಉಗಿ ಎದ್ದು ಕಣ್ಣು ಕಾಣದಂತಾಯಿತು. ಒಳಗಿನಿಂದ ಪಟಪಟ ಎಂದು ಬಂಡೆ ಸಿಡಿದ ಸಪ್ಪಳ ಕೇಳಿಸಿತು. ಮಳೆ ನಿಂತ ಮೇಲೆ ಸಿಡಿದು ಬಿದ್ದ ಚೂರುಗಳನ್ನು ಬಳಿದು ಹಾಕಿ, ಗುಂಡಿಗೆ ಮಣ್ಣು ಮೆತ್ತಿ, ಮುಂದಿನ ವರ್ಷ ಮತ್ತೆ ಅದೇ ಒಲೆ ಹೊತ್ತಿಸಿದೆವು.

ಮೂರನೆಯ ಹಂಗಾಮಿನಲ್ಲಿ ಸಪ್ಪಳ ಶುರುವಾಯಿತು. ಸಂಜೆ ಉರಿ ನಿಲ್ಲಿಸಿದ ಮೇಲೆ ನೆಲದೊಳಗಿನಿಂದ ‘ಟಕ್’ ಎನ್ನುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಯಾರೋ ಬಂಡೆಯ ಆಚೆ ಕೂತು ಸಣ್ಣ ಸುತ್ತಿಗೆಯಿಂದ ಬಡಿದ ಹಾಗೆ. ನಾನು ಯಜಮಾನರಿಗೆ ಹೇಳಿದೆ.

“ರೀ, ಒಲಿ ಬಾಜೂಕಿನ ಕರಿಬಂಡಿ ಸಪ್ಪಳ ಮಾಡಾಕತ್ತೈತಿ. ಒಮ್ಮೆ ಯಾರಿಗರೆ ತೋರಸ್ರಿ.”

“ಕಾಯ್ದ ಕಬ್ಬಿಣ ಆರೂಮುಂದ ಸಪ್ಪಳಾ ಮಾಡೂದಿಲ್ಲೇನು? ಕೊಪ್ಪರಿಗಿದ ಇರಬೇಕು. ಇದೊಂದ ಹಂಗಾಮ ಮುಗೀಲಿ, ನೋಡೂನು,” ಎಂದರು ಅವರು.

ಕೊಪ್ಪರಿಗೆಯ ಸಪ್ಪಳ ಬೇರೆ, ಇದು ಬೇರೆ ಎಂದು ನನ್ನ ಕಿವಿಗೆ ಗೊತ್ತಿತ್ತು. ಆದರೆ ಕಬ್ಬು ಕಡಿದು ರಾಶಿ ಬಿದ್ದಿತ್ತು, ಅದು ಒಣಗಿದರೆ ಹಾಲು ಹುಳಿಯಾಗುತ್ತದೆ. ಅವರು ಹೇಳಿದ್ದೂ ಸುಳ್ಳಲ್ಲ. ದಿನಗಳು ಹಾಗೆಯೇ ನಡೆದವು. ಸಂಜೆಯಾಯಿತೆಂದರೆ ನನ್ನ ಕಿವಿ ಮಾತ್ರ ನೆಲದ ಕಡೆ ಇರುತ್ತಿತ್ತು.

ಬಿಸಿಲು ಏರತೊಡಗಿದ ಒಂದು ಮಧ್ಯಾಹ್ನ. ಯಜಮಾನರು ಬೆಲ್ಲದ ಪೆಂಟಿ, ಅಂದರೆ ಗಟ್ಟಿಗಳನ್ನು, ಹೇರಿಕೊಂಡು ವಿಜಯಪುರಕ್ಕೆ, ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಗೆ ಹೋಗಿದ್ದರು. ಹೊಲದಲ್ಲಿ ಇದ್ದವರು ಮೈದುನ, ನೆಗೆಣ್ಣಿ, ನಾನು, ಒಲೆಗೆ ಉರಿ ಹಾಕುವವನು, ಮತ್ತು ಪಾಕ ನೋಡುವ ಹಿರಿಯ. ಹಿರಿಯ ಬಬಲೇಶ್ವರದವನು. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಬಾವಿಯ ಮೋಟರು ಓಡುತ್ತಿದ್ದರೂ ನೀರು ಎತ್ತುವುದನ್ನು ನಿಲ್ಲಿಸಿತು.

“ಕೆಳಗ ಪೈಪಿನ ಬಾಯಿಗೆ ಕಸ ಹತ್ತಿರಬೇಕು ವೈನಿ. ಒಂದ್ ಗಳಿಗಿ ಇಳದು ತಗದ ಬರ್ತೇನಿ,” ಎಂದು ಮೈದುನ ಅತ್ತಿಗೆಯಾದ ನನಗೆ ಹೇಳಿ, ಮೋಟರು ಬಂದ್ ಮಾಡಿ ಮೆಟ್ಟಿಲಿಳಿದ.

ನಾನು ನೆರಳಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ. ಮೊದಲು ನೆಲ ಅಲುಗಿದ್ದು ಕೂತಲ್ಲೇ ಗೊತ್ತಾಯಿತು. ಆಮೇಲೆ ದೊಡ್ಡ ಸಪ್ಪಳ, ನೀರಿಗೆ ಕಲ್ಲು ಬಿದ್ದ ಸಪ್ಪಳ, ಮತ್ತೆ ಮೈದುನನ ಕೂಗು. ಓಡಿ ಹೋಗಿ ಬಗ್ಗಿ ನೋಡಿದರೆ ಬಾವಿಯ ತುಂಬ ಧೂಳು. ಅದು ಇಳಿದಾಗ ಕಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಪೂರ್ವದ ಗೋಡೆಯಿಂದ ಒಂದು ಹಾಸುಬಂಡೆ ಕಳಚಿ ಕೆಳಗಿನ ಮೆಟ್ಟಿಲುಗಳನ್ನೆಲ್ಲ ಮುರಿದುಕೊಂಡು ಬಿದ್ದಿತ್ತು. ಮೈದುನ ನೀರಿನಂಚಿನ ಕಟ್ಟೆಯ ಮೇಲೆ ಬಿದ್ದಿದ್ದ. ಅವನ ಎಡಗಾಲು ಕಲ್ಲಿನ ಕೆಳಗೆ ಸಿಕ್ಕಿತ್ತು. ಅವನ ನೆತ್ತಿಯ ಮೇಲೆ, ಗೋಡೆಯಲ್ಲಿ, ಬಾಗಿಲಿನಷ್ಟು ದೊಡ್ಡ ಇನ್ನೊಂದು ಬಂಡೆ ಮುಂದಕ್ಕೆ ಬಾಗಿ ನಿಂತಿತ್ತು. ಅದರ ಹಿಂದೆ ಉದ್ದಕ್ಕೂ ಬಿರುಕು. ಆ ಬಿರುಕಿನಿಂದ ಹೊಗೆ ಬರುತ್ತಿತ್ತು.

ಅದು ನಮ್ಮ ಒಲೆಯ ಹೊಗೆ. ತೆಳ್ಳಗೆ, ನೀಲಿಯಾಗಿ, ಬಿರುಕಿನ ಉದ್ದಕ್ಕೂ ಏಳುತ್ತಿತ್ತು. ಒಲೆಯಿಂದ ಬಾವಿಯವರೆಗೆ ಬಂಡೆ ಒಳಗೊಳಗೇ ಸೀಳಿ ಹೋಗಿದೆ ಎಂದು ನನಗೆ ಆಗ ಅರ್ಥವಾಯಿತು.

ನೆಗೆಣ್ಣಿ ಬಾಯಿ ಬಡಿದುಕೊಳ್ಳುತ್ತ ಬಂದವಳು ಹೊಗೆ ನೋಡಿ ಗಕ್ಕನೆ ನಿಂತಳು. ಮರುಕ್ಷಣ ತಿರುಗಿ ಓಡಿ ಕೊಪ್ಪರಿಗೆ ತೊಳೆಯಲು ತುಂಬಿಟ್ಟ ನೀರಿನ ಬಕೆಟ್ಟು ಎತ್ತಿಕೊಂಡಳು.

“ಒಲಿ ಆರಸ್ರೋ! ಬೆಂಕಿಗೆ ಬಂಡಿ ಒಡ್ಯಾಕತ್ತೈತಿ, ನೀರ ಸುರುವ್ರಿ!”

ಉರಿ ಹಾಕುವವನೂ ಇನ್ನೊಂದು ಬಕೆಟ್ಟಿಗೆ ಕೈ ಹಾಕಿದ. ನಾನು ಓಡಿ ಹೋಗಿ ನೆಗೆಣ್ಣಿಯ ರಟ್ಟೆ ಹಿಡಿದೆ. ನೀರು ನಮ್ಮಿಬ್ಬರ ಸೀರೆಯ ಮೇಲೆ ಚೆಲ್ಲಿತು.

“ಬ್ಯಾಡ! ಒಂದ ಹನಿ ನೀರ ಹಾಕಬ್ಯಾಡ!”

“ಬಿಡ್ರಿ ಅಕ್ಕಾ! ನನ್ನ ಗಂಡ ಒಳಗ ಅದಾನ!”

“ಅದಕ್ಕ ಹೇಳಾಕತ್ತೇನಿ. ನೀರ ಬಿತ್ತಂದ್ರ ಆ ಬಂಡಿ ಅವನ ಮ್ಯಾಲೇ ಬೀಳತೈತಿ!”

ನನ್ನ ತವರುಮನೆ ಇಟ್ಟಂಗಿಹಾಳ. ನಮ್ಮಪ್ಪ ಬಾವಿ ತೋಡುತ್ತಿದ್ದ. ಬಯಲಿನ ಬಾವಿಯಾದರೆ ಮದ್ದು ಇಟ್ಟು ಬಂಡೆ ಸಿಡಿಸುತ್ತಿದ್ದರು. ಮನೆಗಳ ನಡುವಿನ ಬಾವಿಗೆ ಮದ್ದು ಇಡುವಂತಿರಲಿಲ್ಲ. ಆಗ ಅಪ್ಪ ಬಂಡೆಯ ಮೇಲೆ ಜಾಲಿಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುತ್ತಿದ್ದ. ಮಧ್ಯಾಹ್ನದತನಕ ಕಾಯಿಸಿ, ಕೆಂಡ ಸರಿಸಿ, ಕೊಡಗಟ್ಟಲೆ ತಣ್ಣೀರು ಒಮ್ಮೆಲೇ ಸುರಿಯುತ್ತಿದ್ದ. ಹಾರೆಗೆ ಜಗ್ಗದ ಬಂಡೆ ಪಟ್ಟನೆ ಬಾಯಿ ಬಿಡುತ್ತಿತ್ತು. ಕಾದಿದ್ದು ಒಮ್ಮೆಲೇ ತಣಿದರೆ ಬಂಡೆ ತಡೆಯುವುದಿಲ್ಲ. ಅದನ್ನು ನೋಡುತ್ತಲೇ ನಾನು ಬೆಳೆದವಳು. ಆದರೆ ಬಾವಿಯೊಳಗೆ ಗಂಡ ಬಿದ್ದಿರುವ ಹೆಂಗಸಿಗೆ ಇದನ್ನೆಲ್ಲ ಹೇಳುವ ಹೊತ್ತು ಅದಾಗಿರಲಿಲ್ಲ. ನಾನು ಅವಳ ಕೈಯಿಂದ ಬಕೆಟ್ಟು ಕಿತ್ತುಕೊಂಡು ದೂರ ಎಸೆದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಬರೀ ದ್ವೇಷವಿತ್ತು.

ಉರಿ ಹಾಕುವವನಿಗೆ, “ಇನ್ನೊಂದ ಹಿಡಿ ಸಿಪ್ಪಿ ಹಾಕಬ್ಯಾಡ. ಕೆಂಡಾನೂ ಎಳೀಬ್ಯಾಡ. ಬಾಯಿಗೆ ತಗಡು ಮುಚ್ಚು, ತಾನ ಸಾವಕಾಶ ಆರಲಿ,” ಎಂದೆ. ಹಿರಿಯನ ಕಡೆ ತಿರುಗಿದೆ. ಅವನು ನನ್ನ ಮಾತಿಗೆ ಕಾಯದೆ ಹಸಿ ಹಾಲನ್ನು ಕೊಪ್ಪರಿಗೆಗೆ ಸುರಿಯತೊಡಗಿದ್ದ. “ಕೊಪ್ಪರಿಗಿ ಹೊತ್ತಿ ತೂತು ಬಿತ್ತಂದ್ರ ಎಲ್ಲಾ ಹಾಲು ಒಲಿಯಾಗ ಬೀಳತೈತಿ ತಂಗಿ. ಇದನ್ನ ನಾ ನೋಡ್ಕೋತೇನಿ, ನೀ ಬಾವಿ ನೋಡು,” ಎಂದ.

ಯಜಮಾನರಿಗೆ ಫೋನ್ ಮಾಡಿದೆ. “ತಮ್ಮ ಬಾವ್ಯಾಗ ಸಿಕ್ಕಾನ, ಲಗೂ ಬರ್ರಿ,” ಎಂದಷ್ಟೇ ಹೇಳಿದೆ. ನಂತರ ತಿಕೋಟಾ ಕಡೆಯ ದ್ರಾಕ್ಷಿ ತೋಟದ ನೆರೆಯವರಿಗೆ ಮಾಡಿದೆ. ಅವರ ಹತ್ತಿರ ಬಾವಿಯ ಪಂಪು ಎತ್ತುವ ಕಬ್ಬಿಣದ ಮುಕ್ಕಾಲಿ, ಸರಪಳಿ, ರಾಟೆ ಇದ್ದವು. ಈಗಲೇ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುತ್ತೇವೆ ಎಂದರು.

ಅಷ್ಟರಲ್ಲಿ ಕೆಳಗಿನಿಂದ ಕೆಮ್ಮು ಕೇಳಿಸಿತು. ಬಗ್ಗಿ ನೋಡಿದರೆ ಬಿರುಕಿನ ಹೊಗೆ ದಪ್ಪಗಾಗಿತ್ತು. ನಾನು ಒಲೆಯ ಬಾಯಿ ಮುಚ್ಚಿಸಿದ್ದಕ್ಕೆ ಹೊಗೆಯೆಲ್ಲ ಬಾವಿಯ ಕಡೆ ದಾರಿ ಹಿಡಿದಿತ್ತು. ನೆಗೆಣ್ಣಿ ನೆಲ ಬಡಿಯುತ್ತ, “ನೋಡ್ರಿ, ನೋಡ್ರಿ ಏನ್ ಮಾಡಿದ್ರಿ!” ಎಂದು ಕಿರುಚಿದಳು. ಓಡಿ ಹೋಗಿ ತಗಡನ್ನು ಅರ್ಧ ಸರಿಸಿದೆ. ಹೊಗೆ ಒಲೆಯ ಬಾಯಿಂದ ನನ್ನ ಮುಖಕ್ಕೇ ಬಂತು. ಮತ್ತೆ ಬಾವಿಗೆ ಓಡಿದೆ. ಬಿರುಕಿನ ಹೊಗೆ ಎಳೆಯಷ್ಟಾಗಿತ್ತು. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

“ವೈನಿ,” ಎಂದು ಮೈದುನ ಕೂಗಿದ. ದನಿ ಸಣ್ಣದಾಗಿತ್ತು. “ಮ್ಯಾಲಿನ ಬಂಡಿ ನನಗ ಕಾಣವಲ್ತು. ಹ್ಯಾಂಗೈತಿ?”

“ನಿಂತೈತಿ. ನೀ ಅಳ್ಳಾಡಬ್ಯಾಡ. ನಾ ಅದನ್ನ ನೋಡ್ಕೋತ ಇಲ್ಲೇ ಇರ್ತೇನಿ,” ಎಂದೆ.

ಬಾವಿಯ ಅಂಚಿಗೆ ಬೋರಲು ಮಲಗಿ ಆ ಬಂಡೆಯ ಮೇಲೆ ಕಣ್ಣು ನೆಟ್ಟೆ. ನೆಗೆಣ್ಣಿ ನನ್ನಿಂದ ದೂರ, ಇನ್ನೊಂದು ಅಂಚಿನಲ್ಲಿ ಕೂತಿದ್ದಳು. ಒಲೆಯ ಉರಿ ಇಳಿಯುತ್ತಿದ್ದಂತೆ ಆ ಸಪ್ಪಳ ಶುರುವಾಯಿತು. ಟಕ್. ಬಿರುಕಿನ ಅಂಚಿನಿಂದ ಒಂದು ಚಕ್ಕೆ ಉದುರಿ ನೀರಿಗೆ ಬಿತ್ತು. ಮೈದುನ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಮತ್ತೆ ಟಕ್. ಸಾವಕಾಶವಾಗಿ ತಣಿದರೂ ಬಂಡೆ ಕುಗ್ಗುತ್ತದೆ, ಅದನ್ನು ನನ್ನಿಂದ ತಡೆಯಲಾಗದು. ಟ್ರ್ಯಾಕ್ಟರು ಮೊದಲು ಬರುತ್ತದೋ, ಬಂಡೆ ಮೊದಲು ಬೀಳುತ್ತದೋ ಎಂಬುದಷ್ಟೇ ಉಳಿದಿತ್ತು. ನನಗೆ ಒಂದು ಯೋಚನೆ ಬಂತು. ಉರಿ ಹಾಕುವವನನ್ನು ಕೂಗಿ, “ಸ್ವಲ್ಪ ಸ್ವಲ್ಪ ಸಿಪ್ಪಿ ಹಾಕು. ಉರಿ ಏರಬಾರದು, ಇಳೀನೂಬಾರದು. ಈಗ ಎಷ್ಟೈತಿ ಅಷ್ಟ ಇರಲಿ,” ಎಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಗಂಡಸೊಬ್ಬ ಕೆಳಗೆ ಬಿದ್ದಿರುವಾಗ ಒಲೆಗೆ ಉರಿ ಹಾಕು ಎನ್ನುವ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆದರೂ ಹಾಕಿದ.

ನೆರೆಯವರ ಟ್ರ್ಯಾಕ್ಟರು ಬಂತು. ಅವರು ನಾಲ್ಕೈದು ಮಂದಿ. ಮುಕ್ಕಾಲಿಯನ್ನು ಪಶ್ಚಿಮದ ದಂಡೆಯಲ್ಲಿ ಊರಿದರು. ಟ್ರ್ಯಾಕ್ಟರನ್ನು ದೂರವೇ ನಿಲ್ಲಿಸಿದರು, ಅದರ ನಡುಕ ಬಂಡೆಗೆ ತಾಗಬಾರದೆಂದು. ದ್ರಾಕ್ಷಿ ತೋಟದವನು ಮತ್ತು ಅವನ ತಮ್ಮ ಹಗ್ಗದ ಏಣಿ ಇಳಿಬಿಟ್ಟು, ಹಾರೆ ಹಿಡಿದು ಇಳಿಯಲು ಸಿದ್ಧರಾದರು. ನಮ್ಮ ಮನೆಯವರೇನೂ ಅಲ್ಲದ ಇಬ್ಬರು ಆ ಬಾಗಿದ ಬಂಡೆಯ ಕೆಳಗೆ ಇಳಿಯುತ್ತಿದ್ದರು. “ನಾ ‘ಸರೀರಿ’ ಅಂದ್ರ ಎಲ್ಲಾ ಬಿಟ್ಟು ಏಣಿ ಕಡಿ ಗ್ವಾಡಿಗೆ ಹತ್ಕೋರಿ,” ಎಂದೆ.

ಆಗಲೇ ಯಜಮಾನರು ಬಂದರು. ಯಾರದೋ ಮೋಟರ್‌ಸೈಕಲ್ ತೆಗೆದುಕೊಂಡು ಬಂದಿದ್ದರು. ಬಾವಿಗೆ ಬಗ್ಗಿ ನೋಡಿದರು, ಹೊಗೆ ನೋಡಿದರು, ಒಲೆಯ ಕಡೆ ನೋಡಿದರು.

“ಒಲಿ ಯಾಕ ಇನ್ನೂ ಉರಿಯಾಕತ್ತೈತಿ? ಯಾರಿಗೂ ಬುದ್ಧಿ ಇಲ್ಲೇನು? ನೀರ ಹಾಕ್ರೋ!”

ಅವರೇ ಬಕೆಟ್ಟು ಹಿಡಿದರು. ನಾನು ಎದ್ದು ಒಲೆಯ ಬಾಯಿಗೆ ಅಡ್ಡ ನಿಂತೆ. ಮದುವೆಯಾದಾಗಿನಿಂದ ನಾನು ಅವರಿಗೆ ಮಂದಿಯ ಎದುರು ಎದುರುತ್ತರ ಕೊಟ್ಟವಳಲ್ಲ.

“ಹಾಕಬ್ಯಾಡ್ರಿ. ನಮ್ಮಪ್ಪ ಹಿಂಗ ಬಂಡಿ ಒಡೀತಿದ್ದ. ಕೈ ಮುಗೀತೇನಿ, ಹಾಕಬ್ಯಾಡ್ರಿ.”

“ಸರಿ ಬಾಜೂಕ!” ಎಂದು ಪಕ್ಕಕ್ಕೆ ಸರಿಯಲು ಗದರಿಸಿದರು.

ಬಾವಿಯೊಳಗಿನಿಂದ ಮೈದುನನ ದನಿ ಬಂತು. ನೋವಿನಲ್ಲೂ ಅವನು ಎಲ್ಲ ಕೇಳಿಸಿಕೊಳ್ಳುತ್ತಿದ್ದ. “ಅಣ್ಣಾ, ವೈನಿ ಹೇಳಿದಂಗ ಕೇಳು. ಇಷ್ಟೊತ್ತನ ಬಂಡಿ ನಿಂತೈತಿ. ನೀ ಏನೂ ಮಾಡಬ್ಯಾಡ.”

ಯಜಮಾನರ ಕೈಯಲ್ಲಿ ಬಕೆಟ್ಟು ಹಾಗೆಯೇ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟು ಹೋಗಿ ರಾಟೆಯ ಸರಪಳಿ ಹಿಡಿದರು.

ಕೆಳಗಿನವರು ಹಾರೆ ಹಾಕಿ ಕಲ್ಲನ್ನು ಮೀಟಿದಾಗ ಮೈದುನ ಚೀರಿದ. ಕಲ್ಲು ಮೊದಲ ಸಲ ಏಳಲಿಲ್ಲ. ಎರಡನೆಯ ಸಲ ಎದ್ದದ್ದು ಜಾರಿತು. ಮತ್ತೆ ಅಂಚಿಗೆ ಬಂದು ಮಲಗಿದ ನಾನು ಬಂಡೆಯಿಂದ ಕಣ್ಣು ತೆಗೆದಿರಲಿಲ್ಲ. ಬಿರುಕಿನ ಮೇಲ್ತುದಿಯಿಂದ ಮಣ್ಣು ಸಣ್ಣಗೆ ಸುರಿಯತೊಡಗಿತು. ‘ಸರೀರಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆ ಮಾತು ಆಡಿದ್ದರೆ ಅವರು ಅವನನ್ನು ಬಿಟ್ಟು ಸರಿಯಬೇಕಾಗುತ್ತಿತ್ತು. ನಾನು ತಡೆದೆ. ಮಣ್ಣು ನಿಂತಿತು. ಮೂರನೆಯ ಸಲಕ್ಕೆ ಕಾಲು ಬಿಡಿಸಿಕೊಂಡಿತು. ಅವನನ್ನು ಒಂದು ಹಲಗೆಗೆ ಕಟ್ಟಿದರು. ಮೇಲಿದ್ದವರು ಸರಪಳಿ ಎಳೆದರು. ಹಲಗೆ ಪಶ್ಚಿಮದ ಗೋಡೆಗೆ ಹತ್ತಿಕೊಂಡು ಒಂದೊಂದೇ ಮೊಳ ಮೇಲೇರಿತು. ಅವನ ತಲೆ ದಂಡೆಯ ಮೇಲೆ ಕಂಡಾಗ ನೆಗೆಣ್ಣಿ ಓಡಿ ಬಂದು ಅವನ ಮುಖವನ್ನು ಸೆರಗಿನಿಂದ ಒರೆಸಿದಳು. ಕೊನೆಗೆ ಆ ಇಬ್ಬರು ಏಣಿ ಹತ್ತಿ ಬಂದರು. ಆಮೇಲಷ್ಟೇ ನನಗೆ ಅಳು ಬಂತು.

ವಿಜಯಪುರದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಹಿರಿಯ ಮತ್ತು ಉರಿ ಹಾಕುವವನು ಹೊಲದಲ್ಲೇ ಉಳಿದು ಒಲೆಯನ್ನು ತಾನಾಗಿ ಆರಲು ಬಿಟ್ಟರು. ಕೊಪ್ಪರಿಗೆಯಲ್ಲಿದ್ದದ್ದು ಕರಿ ಡಾಂಬರಿನಂತಾಗಿತ್ತು. ಮರುದಿನ ಬೆಳಗ್ಗೆ ಅವರು ಚಹಾ ಕುಡಿಯುತ್ತಿದ್ದಾಗ, ಯಾರೂ ಮುಟ್ಟದೆ, ಆ ಬಂಡೆ ಬಾವಿಗೆ ಬಿತ್ತಂತೆ. ಅದರ ಜೊತೆಗೆ ಒಲೆಯ ಒಂದು ಮಗ್ಗುಲೂ ಕುಸಿಯಿತು. ನಾನು ಹೋಗಿ ನೋಡಿದಾಗ ಹೊಸದಾಗಿ ಬಾಯಿ ಬಿಟ್ಟ ಜಾಗ ಒಲೆಯ ಕಡೆ ಇಟ್ಟಂಗಿಯ ಹಾಗೆ ಕೆಂಪಗೆ, ಬಾವಿಯ ಕಡೆ ಕಪ್ಪಗೆ ಇತ್ತು. ನಡುವೆ ಬೆರಳಿನಿಂದ ಒತ್ತಿದರೆ ಚೂರಾಗಿ ಉದುರುತ್ತಿತ್ತು.

ಯಜಮಾನರ ಸಂಬಂಧಿ ಒಬ್ಬರು ಭೂತನಾಳದ ಕಡೆ ಇರುತ್ತಾರೆ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾರೆ. ಅವರು ಬಂದು ಬಾವಿಯ ಸುತ್ತ ಓಡಾಡಿ, ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿದರು. ನಮಗೆಲ್ಲ ತಿಳಿಯುವ ಹಾಗೆ ಹೇಳಿದರು. “ಬಂಡಿ ನಮಗ ಒಂದ ಕಾಣತೈತಿ. ಅದರಾಗ ಬ್ಯಾರೆ ಬ್ಯಾರೆ ಕಣ ಇರ್ತಾವ. ಕಾಯ್ದಾಗ ಒಂದು ಹೆಚ್ಚ ಹಿಗ್ಗತೈತಿ, ಒಂದು ಕಡಿಮಿ. ಆರಿದಾಗ ಮದಲಿನಂಗ ಕೂಡಂಗಿಲ್ಲ. ಕೂದಲಕಿಂತ ಸಣ್ಣ ಸೀಳು ಉಳೀತಾವ. ಮತ್ತ ಕಾಯ್ಸಿದ್ರ ಆ ಸೀಳು ಉದ್ದ ಆಗಿ ಒಂದಕ್ಕೊಂದು ಕೂಡತಾವ. ಅದರಾಗ ಮಳೀ ನೀರ ಇಳೀತು. ನೀವು ಒಂದ ಸಲ ಎಷ್ಟ ಕಾಯ್ಸಿದ್ರೂ ಇಷ್ಟ ಆಗ್ತಿರಲಿಲ್ಲ. ದಿನಾ ಕಾಯ್ಸಿ ದಿನಾ ಆರಿಸಿದ್ದಕ್ಕ ಹಿಂಗ ಆತು.”

ನಾನು ಕೇಳಬೇಕೆಂದಿದ್ದು ಒಂದೇ. ಎಲ್ಲರೂ ಇದ್ದಾಗ ಕೇಳಲಿಲ್ಲ. ಅವರು ಹೊರಟು ನಿಂತಾಗ ಕೇಳಿದೆ. “ಅವತ್ತ ಒಲಿಗೆ ನೀರ ಹಾಕಿದ್ರ ಬಂಡಿ ಬೀಳತಿತ್ತೇನ್ರಿ?”

ಅವರು ಅಂದರು, “ಬೀಳೂ ಸಂಭವ ಭಾಳ ಇತ್ತು. ಖಾತ್ರಿ ಅಂತ ಹೇಳಾಕ ನನಗ ಬರೂದಿಲ್ಲ ತಂಗಿ. ನೀರ ಒಲಿಯಾಗಿನ ಕಲ್ಲಿಗೆ ಬಿದ್ದ ಪೆಟ್ಟು ಅಷ್ಟ ದೂರ ಮುಟ್ಟತಿತ್ತೋ ಇಲ್ಲೋ, ಯಾರಿಗ್ಗೊತ್ತು. ಆದ್ರ ನಾ ಇದ್ರೂ ಹಾಕಗೊಡ್ತಿರಲಿಲ್ಲ.”

ಅದು ನನಗೆ ಸಾಲಲಿಲ್ಲ. ಆದರೆ ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ ಎಂದು ಅವರ ಮೇಲೆ ಗೌರವ ಬಂತು.

ಯಜಮಾನರು ಆ ದಿನದ ಬಗ್ಗೆ ಮಾತೆತ್ತಲಿಲ್ಲ. ಹೊಸ ಒಲೆಯನ್ನು ಎಲ್ಲಿ ಹೂಡಬೇಕೆಂದು ಮಾತ್ರ ನನ್ನನ್ನೇ ಕೇಳಿದರು. ಬಾವಿಯಿಂದ ದೂರ, ಆಳವಾದ ಮಣ್ಣಿರುವ ಜಾಗ ತೋರಿಸಿದೆ. ಒಳ್ಳೆಯ ಭೂಮಿಯೇ ಹೋಯಿತು, ಹೋಗಲಿ. ಉರಿ ತಡೆಯುವ ಇಟ್ಟಂಗಿಯಿಂದ ಒಲೆ ಕಟ್ಟಿಸಿದೆವು. ಬಾವಿಗೆ ಪೂರ್ವದ ಕಡೆ ಹೊಸ ಗೋಡೆ ಎದ್ದಿತು. ಮೈದುನ ಕೋಲು ಬಿಟ್ಟು ನಡೆಯಲು ಒಂದು ಹಂಗಾಮೇ ಬೇಕಾಯಿತು. ಈಗ ತುಸು ಕುಂಟುತ್ತಾನೆ. ಬಾವಿಗೆ ಇಳಿಯುವುದಿಲ್ಲ.

ನೆಗೆಣ್ಣಿ ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಬೇಕಾದಷ್ಟೇ ಆಡುತ್ತಿದ್ದಳು. ಕಳೆದ ವರ್ಷ ಹೊಸ ಒಲೆಯ ಹತ್ತಿರ ಇಬ್ಬರೂ ಕೂತು ಬೆಲ್ಲದ ಪೆಂಟಿಗೆ ಅರಿವೆ ಸುತ್ತುತ್ತಿದ್ದಾಗ, ತಲೆ ಎತ್ತದೆ ಹೇಳಿದಳು.

“ಅಕ್ಕಾ, ನೀವು ಅವತ್ತ ಬಕೆಟ್ಟು ಕಸ್ಕೊಂಡಿದ್ದಕ್ಕ ನನಗ ಇನ್ನೂ ಸಿಟ್ಟೈತಿ. ನೀವು ಮಾಡಿದ್ದು ಬರೋಬ್ಬರಿ ಅಂತ ಗೊತ್ತೈತಿ. ಆದ್ರೂ ಸಿಟ್ಟ ಹೋಗವಲ್ತು.”

“ಇರಲಿ ಬಿಡು,” ಎಂದೆ. “ನಿನ್ನ ಜಾಗಾದಾಗ ನಾ ಇದ್ರ ನನಗೂ ಹೋಗತಿರಲಿಲ್ಲ.”

ಅವಳು ಅರಿವೆಯ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದಳು. ನಾನು ಹಿಡಿದುಕೊಂಡೆ. ಇಬ್ಬರೂ ಬಿಗಿಯಾಗಿ ಎಳೆದು ಗಂಟು ಹಾಕಿದೆವು.